ಪಂಕ್ಚರ್ ಹಾಕಿದ ಉಲ್ಕೆ

ಕಲ್ಲಿಗೆ ಪಂಕ್ಚರ್ ಹಾಕಿದವರು ಈ ಭೂಮಿಯ ಮೇಲೆ ನಮ್ಮ ಸೋದರಮಾವ ಒಬ್ಬನೇ ಇರಬೇಕು. ಬೇರೆ ಯಾರಾದರೂ ಇದ್ದರೆ ಅವರ ವಿಳಾಸ ನನಗೆ ಬೇಡ. ಒಬ್ಬನನ್ನು ಸಂಭಾಳಿಸಿಯೇ ನನಗೆ ಸಾಕುಸಾಕಾಗಿದೆ.

ಮಾವನದು ಸೈಕಲ್ ರಿಪೇರಿ ಅಂಗಡಿ. ಇಳಿಜಾರಿನ ರಸ್ತೆ ಸರಕ್ಕನೆ ಎಡಕ್ಕೆ ಹೊರಳುವ ಕಡೆ ಒಂದು ಬದಿಗೆ ಬೇಕರಿ, ಇನ್ನೊಂದು ಬದಿಗೆ ಟೈಲರ್ ಅಂಗಡಿ, ನಡುವೆ ತಗಡಿನ ಮಾಡಿನ ಕೆಳಗೆ ಮಾವ. ಬೀದಿಗೆಲ್ಲ ಅವನು ಸೈಕಲ್ ಮಾವ. ಒಂದು ಬುಧವಾರ ಬೆಳಿಗ್ಗೆ ಹತ್ತೂವರೆಗೆ ಮೋಡವಿಲ್ಲದ ಆಕಾಶದಲ್ಲಿ ಗುಡುಗಿದಂತಾಯಿತು. ಹಿಂದೆಯೇ ಮಾಡಿನ ತಗಡು ತೂತಾಗಿ, ಕಪ್ಪು ಕಲ್ಲೊಂದು ನೇರವಾಗಿ ಅವನು ಟ್ಯೂಬು ಅದ್ದಿ ನೋಡುವ ನೀರಿನ ಟಬ್ಬಿಗೆ ಬಿತ್ತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುತ್ತಾರೆ. ಈ ಕಲ್ಲು ಊರು ನೋಡುವ ಮೊದಲೇ ನೀರಿಗೆ ಬಂದಿತ್ತು.

ಮಾವ ಹೆದರಿ ರಸ್ತೆಗೆ ಓಡಿದ. ಆಮೇಲೆ ಮೆಲ್ಲಗೆ ಬಂದು ಬಗ್ಗಿ ನೋಡಿದ. ಕಲ್ಲಿನ ಒಂದು ಬಿರುಕಿನಿಂದ ಗುಳುಗುಳು ಗುಳ್ಳೆ ಏಳುತ್ತಿತ್ತು. ನಲವತ್ತು ವರ್ಷ ಗುಳ್ಳೆ ಎದ್ದ ಕಡೆಗೆಲ್ಲ ಪಟ್ಟಿ ಹಾಕಿದ ಕೈ ಅದು. ತಲೆಯನ್ನು ಕೇಳಲು ಹೋಗಲಿಲ್ಲ. ಕಲ್ಲನ್ನು ಎತ್ತಿ ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ, ಊದಿ ಆರಿಸಿ, ರಬ್ಬರ್ ಪಟ್ಟಿ ಅಂಟಿಸಿ, ಸುತ್ತಿಗೆಯಿಂದ ಎರಡು ಸಲ ತಟ್ಟಿ, ಮತ್ತೆ ನೀರಿಗೆ ಅದ್ದಿ ನೋಡಿದ. ಗುಳ್ಳೆ ನಿಂತಿತ್ತು. ಕೆಲಸ ಮುಗಿದ ಮೇಲೆ ನನಗೆ ಫೋನ್ ಮಾಡಿದ.

"ಪುಟ್ಟಿ, ಮೇಲಿಂದ ಒಂದು ಕಲ್ಲು ಬಿದ್ದಿದೆ. ಪಂಕ್ಚರ್ ಆಗಿತ್ತು. ಹಾಕಿದೀನಿ."

ಪುಟ್ಟಿಗೆ ನಲವತ್ತಾರು ವರ್ಷ. ಪುಟ್ಟಿಯ ಕೆಲಸ ಉಲ್ಕಾಶಿಲೆಗಳನ್ನು ಗುರುತಿಸಿ ವರ್ಗೀಕರಿಸುವುದು. ಹತ್ತೊಂಬತ್ತು ವರ್ಷದಿಂದ ನಮ್ಮ ಪ್ರಯೋಗಾಲಯಕ್ಕೆ ಜನ ಚೀಲದಲ್ಲಿ, ಟವೆಲಿನಲ್ಲಿ, ಒಮ್ಮೆ ಮಗುವಿನ ತೊಟ್ಟಿಲಲ್ಲಿ ಕೂಡ ಕಲ್ಲು ತಂದಿದ್ದಾರೆ. ಎಲ್ಲವೂ ಕುಲುಮೆಯ ಕಿಟ್ಟ, ಇಲ್ಲವೇ ಹೊಳೆಯ ಕಲ್ಲು. ನಾನು ವರ್ಗೀಕರಿಸಿದ ನಿಜವಾದ ಉಲ್ಕೆಗಳೆಲ್ಲ ಯಾವುದೋ ಮರುಭೂಮಿಯಿಂದಲೋ ಹಿಮದ ಬಯಲಿನಿಂದಲೋ ಡಬ್ಬಿಯಲ್ಲಿ ಬಂದವು. ಹಿತ್ತಲ ಗಿಡ ಮದ್ದಲ್ಲವಲ್ಲ, ಸೈಕಲ್ ಅಂಗಡಿಗೆ ಉಲ್ಕೆ ಬಿದ್ದಿತು ಎಂದರೆ ನಾನು ನಂಬಲಿಲ್ಲ. ಆದರೂ ಸ್ಕೂಟರ್ ತೆಗೆದೆ.

ಕಲ್ಲನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದೆ. ಸುತ್ತಲೂ ತೆಳ್ಳನೆಯ ಕಪ್ಪು ಹೊರಪೊರೆ, ಗಾಳಿಯಲ್ಲಿ ಉರಿದು ಬರುವಾಗ ಮೈ ಕರಗಿ ಹೆಪ್ಪುಗಟ್ಟಿದ್ದು. ಮೂಲೆ ಒಡೆದ ಕಡೆ ಒಳಗೆ ತಿಳಿಬೂದು, ಅದರಲ್ಲಿ ಮಿಣಮಿಣ ಲೋಹದ ಚುಕ್ಕೆ. ಅಪ್ಪಟ ಉಲ್ಕೆ! ಆ ಅಪ್ಪಟ ಉಲ್ಕೆಯ ನೆತ್ತಿಯ ಮೇಲೆ ರೂಪಾಯಿ ಅಗಲದ ರಬ್ಬರ್ ಪಟ್ಟಿ.

"ಮಾವ! ನಾನೂರೈವತ್ತು ಕೋಟಿ ವರ್ಷದ ಕಲ್ಲಿಗೆ ಯಾರಾದರೂ ಸಲ್ಯೂಷನ್ ಹಚ್ತಾರಾ? ಉಪ್ಪುಕಾಗದ ಬೇರೆ! ಬುದ್ಧಿ ಎಲ್ಲಿಟ್ಟಿದ್ದೆ?"

"ಗಾಳಿ ಹೋಗ್ತಿತ್ತಲ್ಲಮ್ಮ."

"ಅದಕ್ಕೆ ಗಾಳಿ ಯಾಕೆ ಬೇಕು? ಅದು ಗಾಳಿಯೇ ಇಲ್ಲದ ಕಡೆಯಿಂದ ಬಂದಿದೆ!"

ಮಾವ ತಲೆ ತಗ್ಗಿಸಿ ನಿಂತ. ಅವನದು ಹುಟ್ಟಾ ಮೆಲುದನಿ. ಪಕ್ಕದಲ್ಲಿ ಕೂತವರಿಗೂ ಅರ್ಧ ಮಾತು ಕೇಳಿಸುವುದಿಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅವನು ಸಣ್ಣಗೆ ನಕ್ಕ.

"ಥೇಟ್ ನಿಮ್ಮ ಅತ್ತೆ ಥರಾನೇ ಬೈತೀಯ. ಇನ್ನೊಂದು ಸ್ವಲ್ಪ ಬೈ."

ಅತ್ತೆ ಹೋಗಿ ಎರಡು ವರ್ಷವಾಗಿತ್ತು. ಅವಳು ಕೂರುತ್ತಿದ್ದ ಕಬ್ಬಿಣದ ಸ್ಟೂಲು ಅಂಗಡಿಯ ಮುಂದೆ ಹಾಗೇ ಇತ್ತು, ಯಾರೂ ಕೂರುತ್ತಿರಲಿಲ್ಲ. ನನ್ನ ಮುಂಗೋಪವೆಲ್ಲ ಅವಳಿಂದ ಬಂದ ಬಳುವಳಿ ಎಂದು ನಮ್ಮಮ್ಮ ಹೇಳುತ್ತಿದ್ದಳು. ರಕ್ತಸಂಬಂಧವಲ್ಲ, ಸಹವಾಸದೋಷ.

ಕಲ್ಲು ಆರುನೂರ ಹನ್ನೆರಡು ಗ್ರಾಂ ತೂಗಿತು. ಪಟ್ಟಿ ಬೇರೆ. ಕಲ್ಲಿಗೆ ಉಲ್ಕೆ ಎಂಬ ಅಧಿಕೃತ ಪಟ್ಟ ಸಿಗಬೇಕಾದರೆ ಅದನ್ನು ಕೊಯ್ದು ನೋಡಬೇಕು, ಇಪ್ಪತ್ತು ಗ್ರಾಂ ಸಂಗ್ರಹಾಲಯಕ್ಕೆ ಶಾಶ್ವತವಾಗಿ ಕೊಡಬೇಕು. ಉಳಿದದ್ದು ಮಾವನಿಗೇ. ಕೊಯ್ಯುವ ದಿನ ಅವನು ಒಗೆದ ಅಂಗಿ ಹಾಕಿಕೊಂಡು ಆಸ್ಪತ್ರೆಗೆ ಬಂದವನಂತೆ ಬಂದ. ಗರಗಸದ ಕೆಲಸದವರು ಸಣ್ಣ ಹೋಳೊಂದನ್ನು ತೆಗೆದು, ಗಾಜಿಗೆ ಅಂಟಿಸಿ, ತಲೆಗೂದಲಿಗಿಂತ ತೆಳ್ಳಗೆ ಅರೆದರು. ಅಷ್ಟು ತೆಳ್ಳಗಾದರೆ ಕಲ್ಲಿನೊಳಗೂ ಬೆಳಕು ಹಾಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಮಾವನಿಗೂ ತೋರಿಸಿದೆ.

"ಅಬ್ಬಾ! ಬಣ್ಣಬಣ್ಣದ ಗುಂಡು!"

"ಅವು ಕಾಂಡ್ರೂಲ್ ಅಂತ. ಭೂಮಿ ಹುಟ್ಟೋಕೂ ಮುಂಚೆ ಕರಗಿದ ಹನಿಗಳು. ಇಂಥ ಗುಂಡು ಇರೋ ಕಲ್ಲಿಗೆ ಕಾಂಡ್ರೈಟ್ ಅಂತೀವಿ. ನಿಂದು ಸಾಧಾರಣ ಕಾಂಡ್ರೈಟ್."

ಮಾವ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದ. "ಸಾಧಾರಣನಾ?"

"ಅದು ಆ ಗುಂಪಿನ ಹೆಸರು ಮಾವ. ಬೀಳೋ ಕಲ್ಲಲ್ಲಿ ನೂರಕ್ಕೆ ಎಂಬತ್ತಕ್ಕೂ ಮೇಲೆ ಅದೇ ಇರ್ತವೆ."

"ನನ್ನ ಮಾಡು ಒಡ್ಕೊಂಡು ಬಂದಿದೆ. ಸಾಧಾರಣ ಅಂತೀಯಲ್ಲ."

"ಅದರಲ್ಲೂ ಮೂರು ಜಾತಿ. ಕಬ್ಬಿಣ ಜಾಸ್ತಿ ಇದ್ರೆ ಎಚ್, ಕಡಿಮೆ ಇದ್ರೆ ಎಲ್, ಇನ್ನೂ ಕಡಿಮೆ ಅಂದ್ರೆ ಎಲ್ಎಲ್. ನಿಂದು ಎಲ್."

"ಸೈಕಲ್ ಅಂಗಡಿಗೆ ಬಿದ್ದಿದ್ರಲ್ಲೂ ಕಬ್ಬಿಣ ಕಡಿಮೆ!" ಅವನಿಗೆ ನಿಜವಾಗಿಯೂ ಬೇಸರವಾಗಿತ್ತು.

ಮುಂದಿನದನ್ನು ನಾನು ಸಮಾಧಾನದ ದನಿಯಲ್ಲಿ ಹೇಳಿದೆ. ಆ ಕಲ್ಲು ಆಕಾಶದಲ್ಲಿ ತಾನು ಒಡೆದು ಬಂದ ತಾಯಿಕಲ್ಲಿನ ಹೊಟ್ಟೆಯಲ್ಲಿದ್ದಾಗ ಎಷ್ಟು ಬೆಂದಿತ್ತು ಎನ್ನುವುದಕ್ಕೂ ಲೆಕ್ಕವಿದೆ. ಗುಂಡುಗಳ ಅಂಚು ಸ್ಪಷ್ಟವಾಗಿದ್ದರೆ ಮೂರು. ಬೆಂದು ಬೆಂದು ಮಸುಕಾಗಿದ್ದರೆ ಆರು. ಇದು ಐದು. ಒಟ್ಟಿನಲ್ಲಿ ಎಲ್-ಐದು. ಮಾವ ಅದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು, "ಬಸ್ ನಂಬರ್ ಥರ ಇದೆ" ಅಂದ. ಆಮೇಲೆ ಕೇಳಿದ. "ಇದಕ್ಕೆ ಹೆಸರು ಅಂತ ಇರಲ್ವಾ?"

ಅಲ್ಲಿ ಶುರುವಾಯಿತು ನೋಡಿ.

ಉಲ್ಕೆಗೆ ಹೆಸರು ಇರುತ್ತದೆ, ಆದರೆ ಕಲ್ಲು ಸಿಕ್ಕಿದವರ ಹೆಸರಿಡುವಂತಿಲ್ಲ. ಬಿದ್ದ ಜಾಗದ ಹೆಸರೇ ಕಲ್ಲಿನ ಹೆಸರು. ಹೆಸರು ಒಪ್ಪುವುದಕ್ಕೆ ದೂರದಲ್ಲೊಂದು ಸಮಿತಿಯಿದೆ. ಅದರವರು ನನಗಿಂತ ಕಟ್ಟುನಿಟ್ಟು. ನಮ್ಮ ಊರಿನ ಹೆಸರು ಆಗಲೇ ಖರ್ಚಾಗಿತ್ತು. ಎಂಬತ್ತು ವರ್ಷದ ಹಿಂದೆ ಇಲ್ಲೇ ಇನ್ನೊಂದು ಬಿದ್ದು ಆ ಹೆಸರನ್ನು ಹಿಡಿದುಕೊಂಡು ಕೂತಿತ್ತು. ಹಾಗಾಗಿ ಬಿದ್ದ ಸ್ಥಳದ ಹತ್ತಿರದ ಗುಡ್ಡವೋ ಕೆರೆಯೋ ತಿರುವೋ, ಜನರ ಬಾಯಲ್ಲಿ ಮೊದಲಿನಿಂದ ಇರುವ ಹೆಸರು ಬೇಕು. ನಕ್ಷೆಯಲ್ಲೋ ಕಾಗದದಲ್ಲೋ ಸಾಕ್ಷಿ ಬೇಕು. ಅದೂ ಇಲ್ಲವೆಂದರೆ ಊರಿನ ಹೆಸರಿನ ಮುಂದೆ 'ಬಿ' ಎಂದು ಸೇರಿಸಿ ಮುಗಿಸುತ್ತಾರೆ.

"ಹಾಗಾದ್ರೆ ಸೈಕಲ್ ಮಾವನ ತಿರುವು ಅಂತ ಇಡು," ಅಂದ ಮಾವ.

"ಹಾಗಂತ ಯಾರು ಕರೀತಾರೆ?"

"ಎಲ್ರೂ ಕರೀತಾರೆ." ಆಮೇಲೆ ನೆಲ ನೋಡುತ್ತ, ನಾನು ಬಗ್ಗಿ ಕೇಳಬೇಕಾದಷ್ಟು ಮೆಲ್ಲಗೆ ಹೇಳಿದ. "ಪುಟ್ಟಿ, ನಂಗೆ ಮಕ್ಕಳಿಲ್ಲ ಮರಿಯಿಲ್ಲ. ಅವಳೂ ಹೋದ್ಲು. ನಾನು ಬಾಗಿಲು ಹಾಕಿದ ಮಾರನೇ ದಿನ ಅಲ್ಲಿ ಮೊಬೈಲ್ ಅಂಗಡಿ ಬರುತ್ತೆ. ಇಲ್ಲಿ ಇಂಥವನೊಬ್ಬ ಇದ್ದ ಅಂತ ಒಂದು ಗುರುತು ಬೇಕು ಅನ್ಸುತ್ತೆ. ಕಲ್ಲು ತಾನಾಗಿ ನನ್ನ ಹತ್ರ ಬಂತಲ್ಲ, ಅದಕ್ಕೆ ಕೇಳಿದೆ."

ನನ್ನ ಹತ್ತಿರ ಎಂದೂ ಏನೂ ಕೇಳದ ಮನುಷ್ಯ. ಚಿಕ್ಕವಳಿದ್ದಾಗ ನನ್ನ ಸೈಕಲ್ಲಿಗೆ ಹಾಕಿದ ಪಂಕ್ಚರುಗಳಿಗೆ ಲೆಕ್ಕವಿಲ್ಲ. ಬೇರೆ ಯಾರಾದರೂ ಕೇಳಿದ್ದರೆ ನಿಯಮ ಓದಿ ಹೇಳಿ ಕಳಿಸುತ್ತಿದ್ದೆ. "ಸಾಕ್ಷಿ ಸಿಕ್ಕಿದರೆ ಬರೀತೀನಿ, ಸಿಗದಿದ್ದರೆ ಇಲ್ಲ," ಅಂದೆ. ಅಷ್ಟು ಹೇಳಿದ್ದೇ ತಪ್ಪಾಯಿತು.

ನಾಲ್ಕನೆಯ ದಿನ ಸ್ಕೂಟರಿನಲ್ಲಿ ಹೋದರೆ, ಅಂಗಡಿಯ ಮುಂದಿನ ಕಂಬಕ್ಕೆ ಬೋರ್ಡು. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರ: 'ಸೈಕಲ್ ಮಾವನ ತಿರುವು'. ಕೆಳಗೆ ಸಣ್ಣದಾಗಿ, 'ಬಹಳ ಹಳೆಯದು'.

ಬೆರಳಿಟ್ಟು ನೋಡಿದೆ. ಬೆರಳು ನೀಲಿಯಾಯಿತು.

"ಯಾರು ಇದನ್ನ ಬರೆದಿದ್ದು?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಟೈಲರಣ್ಣ ಎರಡೂ ಕೈ ಬೆನ್ನ ಹಿಂದೆ ಅಡಗಿಸಿದರು.

ಬೇಕರಿಯಮ್ಮ ಕಾಗದದ ಕಟ್ಟು ಹಿಡಿದು ಬಂದರು. ಈ ಜಾಗವನ್ನು ನಾವು ಅನಾದಿಕಾಲದಿಂದ ಸೈಕಲ್ ಮಾವನ ತಿರುವು ಎಂದೇ ಕರೆಯುತ್ತೇವೆ ಎಂದು ಐವತ್ತೆಂಟು ಜನರ ಸಹಿ. ಅನಾದಿಕಾಲ! ಒಂದೇ ಪೆನ್ನು, ಮೂರೇ ಥರದ ಕೈಬರಹ, ಬೇಕರಿಯಮ್ಮನ ಸಹಿಯೇ ಎರಡು ಕಡೆ.

"ಇದೇನಮ್ಮ, ಎರಡು ಸಲ?"

"ಒಂದು ನಂದು, ಇನ್ನೊಂದು ಅಂಗಡಿದು."

"ನೀವೆಲ್ಲ ಸೇರಿ ನನ್ನ ಕೆಲಸ ಕಳೀಬೇಕು ಅಂತ ಇದೀರಾ? ಸ್ವಂತ ಮಾವನಿಗೋಸ್ಕರ ಸುಳ್ಳು ಹೆಸರು ಕಳಿಸಿದ್ಲು ಅಂತ ಆದ್ರೆ, ಮುಂದೆ ನಾನು ಕಳಿಸಿದ ಒಂದು ಕಲ್ಲನ್ನಾದರೂ ಯಾರಾದರೂ ನಂಬ್ತಾರಾ?"

ಎಲ್ಲರೂ ಮಾವನ ಕಡೆ ನೋಡಿದರು. ಮಾವ ಏಣಿ ತಂದು ಬೋರ್ಡು ಬಿಚ್ಚಿದ. "ಬಿಡು ಪುಟ್ಟಿ. ನೀನು ಬೇಜಾರ್ ಮಾಡ್ಕೋಬೇಡ," ಅಂದ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮನೆಗೆ ಹೋದರೂ ಸಮಾಧಾನವಿಲ್ಲ. ಆ ಬೀದಿಯವರ ಸಾಕ್ಷಿ ಕೆಲಸಕ್ಕೆ ಬಾರದು, ಸರಿ. ಆದರೆ ಪ್ರಯೋಗಾಲಯದಲ್ಲಿ ಒಂದು ಹೋಳು ಕೆಟ್ಟರೆ ಕಲ್ಲನ್ನೇ ಎಸೆಯುತ್ತೇವೆಯೇ? ಇನ್ನೊಂದು ಕಡೆಯಿಂದ ಕೊಯ್ದು ನೋಡುತ್ತೇವೆ. ಮಾವನನ್ನು ಓಲೈಸುವ ದರ್ದಿಲ್ಲದವರು ಆ ಜಾಗವನ್ನು ಏನೆನ್ನುತ್ತಾರೆ? ಮಾರನೆಯ ಬೆಳಿಗ್ಗೆ ಸ್ಕೂಟರ್ ಬಿಟ್ಟು, ಊರಿನ ಆ ತುದಿಗೆ ಹೋಗಿ ಬಸ್ಸು ಹತ್ತಿದೆ. ಇಷ್ಟು ವರ್ಷದಲ್ಲಿ ಮಾವನ ಅಂಗಡಿಗೆ ನಾನು ಬಸ್ಸಿನಲ್ಲಿ ಹೋದದ್ದೇ ಇಲ್ಲ. ಮೊದಲು ಸೈಕಲ್ಲು, ಆಮೇಲೆ ಸ್ಕೂಟರು.

"ಎಲ್ಲಿಗಮ್ಮ?" ಕಂಡಕ್ಟರ್ ಬಂದರು.

"ಸೈಕಲ್ ಮಾವನ ತಿರುವು, ಒಂದು."

"ಮಾವ ಎಲ್ಲರಿಗೂ ಇರ್ತಾರಮ್ಮ. ಸ್ಟಾಪ್ ಹೆಸರು ಹೇಳಿ."

"ಇಳಿಜಾರಲ್ಲಿ, ಎಡಕ್ಕೆ ತಿರುಗೋ ಕಡೆ. ಒಂದು ಬೇಕರಿ ಇದೆ, ಸೈಕಲ್ ರಿಪೇರಿ ಅಂಗಡಿ ಇದೆ."

"ಓಹೋ! ಗದರಕ್ಕನ ತಿರುವು ಅನ್ನಿ ಮತ್ತೆ!"

ಕಂಡಕ್ಟರ್ ಯಂತ್ರ ಒತ್ತಿದರು. ಟಿಕೆಟು ಕಿರ್ರೆಂದು ಹೊರಬಂತು. ಅದರ ಮೇಲೆ ಅಚ್ಚಾಗಿತ್ತು: 'ಗದರಕ್ಕನ ತಿರುವು'.

"ಯಾರು ಗದರಕ್ಕ?" ಎಂದೆ. ಕೇಳುವ ಮೊದಲೇ ನನಗೆ ಗೊತ್ತಾಗಿತ್ತು.

ಉತ್ತರ ಇಡೀ ಬಸ್ಸಿನಿಂದ ಬಂತು. "ಸ್ಟೂಲ್ ಹಾಕ್ಕೊಂಡು ಕೂರ್ತಿದ್ರಲ್ಲ, ಆಯಮ್ಮ," ಎಂದರು ಪಕ್ಕದವರು. "ಬ್ರೇಕ್ ಹಿಡಿಯದೆ ಇಳಿದ್ರೆ ಮುಗೀತು ಕಥೆ, ಏಳು ತಲೆಮಾರು ಜಾಲಾಡೋರು." ಹಿಂದಿನ ಸೀಟಿನ ನರ್ಸೊಬ್ಬರು, "ನಮ್ಮ ಆಸ್ಪತ್ರೆಗೆ ಆ ತಿರುವಿಂದ ಒಂದು ಕೇಸೂ ಬರ್ತಿರಲಿಲ್ಲ," ಎಂದರು. "ಪಾಪ, ಹೋಗಿ ಎರಡು ವರ್ಷ ಆಯ್ತು." ಅಷ್ಟರಲ್ಲಿ ಇಳಿಜಾರು ಬಂತು. ಎದುರಿಗೆ ಒಂದು ನರಪಿಳ್ಳೆಯೂ ಇರಲಿಲ್ಲ, ಆದರೂ ಡ್ರೈವರ್ ವೇಗ ತಗ್ಗಿಸಿ ಎರಡು ಸಲ ಹಾರ್ನ್ ಹಾಕಿದರು. ಯಾಕೆ ಎಂದು ಕೇಳಿದ್ದಕ್ಕೆ, "ಹಾಕದಿದ್ರೆ ಬಸ್ಸಿಗೇ ಅಡ್ಡ ನಿಲ್ಲೋರಮ್ಮ. ಈಗಲೂ ಕೈ ತಾನಾಗೇ ಹೋಗುತ್ತೆ," ಎಂದರು.

ನಾನು ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡೆ. ನಗುವೂ ಬರುತ್ತಿತ್ತು.

ಬಸ್ಸಿನಿಂದ ಇಳಿದು ಮಾವನ ಕಣ್ಣು ತಪ್ಪಿಸಿ ಬೇಕರಿಗೆ ನುಗ್ಗಿದೆ. ಟಿಕೆಟು ತೋರಿಸಿದೆ. ಬೇಕರಿಯಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡರು.

"ಗೊತ್ತಿತ್ತಾ ನಿಮಗೆ?"

"ಗೊತ್ತಿಲ್ದೆ ಏನು? ಊರಿಗೆಲ್ಲ ಗೊತ್ತು. ಗಂಡನ ಎದುರಿಗೆ ಹೆಂಡ್ತೀನ ಗದರಕ್ಕ ಅನ್ನೋಕಾಗುತ್ತಾ? ಆಯಪ್ಪ ಮೊದಲೇ ಮೆತ್ತಗಿನ ಮನುಷ್ಯ. ಮೂವತ್ತು ವರ್ಷದಿಂದ ಬಾಯಿಗೆ ಬೀಗ ಹಾಕ್ಕೊಂಡಿದೀವಿ. ನೀನೂ ಹೇಳ್ಬೇಡ ತಾಯಿ, ನೊಂದ್ಕೋತಾರೆ."

ನೀರು ಸರಬರಾಜು ಕಚೇರಿಗೂ ಹೋದೆ. ಹದಿನಾಲ್ಕು ವರ್ಷದ ಹಿಂದಿನ ಕೊಳವೆ ನಕ್ಷೆಯಲ್ಲಿ, ಸರಿಯಾಗಿ ಅದೇ ಜಾಗದಲ್ಲಿ, 'ಗದರಕ್ಕನ ತಿರುವು ವಾಲ್ವ್' ಎಂದಿತ್ತು. ಸಮಿತಿಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿರಲಿಲ್ಲ. ಆದರೆ ಮಾವನಿಗೆ? ತನ್ನದೊಂದು ಗುರುತು ಬೇಕೆಂದು ಬಾಯಿ ಬಿಟ್ಟು ಕೇಳಿದವನಿಗೆ, ಆ ಜಾಗ ನಿನ್ನದಲ್ಲ, ನಿನ್ನ ಹೆಂಡತಿಯದು, ಅದೂ ಆಡಿಕೊಂಡು ಇಟ್ಟ ಹೆಸರಿನಲ್ಲಿ ಎಂದು ಹೇಗೆ ಹೇಳುವುದು? ಸುಮ್ಮನೆ 'ಬಿ' ಎಂದು ಬರೆದು ಕಳಿಸಿದರೆ ಯಾರಿಗೂ ನೋವಿಲ್ಲ. ಎರಡು ದಿನ ಅರ್ಜಿಯನ್ನು ತೆರೆಯುವುದು, ಮುಚ್ಚುವುದು. ಮೂರನೆಯ ದಿನ ನನ್ನ ಮೇಲೆ ನನಗೇ ಸಿಟ್ಟು ಬಂತು. ಸಹಿಯ ಸುಳ್ಳು ಬೇಡವೆಂದವಳು ಮೌನದ ಸುಳ್ಳು ಹೇಳಬಹುದೇ?

ಮಾವ ಚಕ್ರವೊಂದನ್ನು ತಿರುಗಿಸಿ ಡೊಂಕು ತೆಗೆಯುತ್ತಿದ್ದ. ನಾನು ಟಿಕೆಟನ್ನೂ ನಕ್ಷೆಯ ಪ್ರತಿಯನ್ನೂ ಅವನ ಮುಂದಿಟ್ಟೆ. ಬೇಕರಿಯಮ್ಮ ಬನ್ನಿನ ಟ್ರೇ ಹಿಡಿದವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಟೈಲರಣ್ಣನ ಹೊಲಿಗೆ ಯಂತ್ರದ ಸದ್ದು ನಿಂತಿತು.

ಮಾವ ಕನ್ನಡಕ ಹಾಕಿಕೊಂಡು ಅಕ್ಷರ ಕೂಡಿಸಿ ಓದಿದ. "ಗದರಕ್ಕ... ಯಾರಿದು?"

"ಯಾರಿರಬಹುದು, ನೀನೇ ಹೇಳು."

ಅವನು ತಲೆಯೆತ್ತಿ ಸ್ಟೂಲಿನ ಕಡೆ ನೋಡಿದ. ಆಮೇಲೆ ಭುಜ ಕುಲುಕತೊಡಗಿತು. ಅಳುತ್ತಿದ್ದಾನೆ ಎಂದು ಹತ್ತಿರ ಹೋದರೆ ನಗುತ್ತಿದ್ದ. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಬಂತು. ಅಂಗಿಯ ತೋಳಿನಲ್ಲಿ ಒರೆಸಿಕೊಂಡರೆ ಮುಖಕ್ಕೆಲ್ಲ ಗ್ರೀಸು.

"ಬಸ್ಸಲ್ಲಿ ಅಚ್ಚು ಹಾಕಿದಾರಾ! ಅವಳ ಹೆಸರನ್ನ!"

"ನಿನಗೆ ಬೇಜಾರಿಲ್ವಾ ಮಾವ? ನಿನ್ನ ಹೆಸರು..."

"ತಡಿ, ಹೇಳ್ತೀನಿ." ಮಾವ ಚಕ್ರವನ್ನು ಕೈಯಿಂದ ನಿಲ್ಲಿಸಿದ. "ನಂಗಾಗ ಇಪ್ಪತ್ತೆರಡು. ಬ್ರೇಕಿಲ್ಲದ ಸೈಕಲ್ಲು. ಇದೇ ಇಳಿಜಾರಲ್ಲಿ ಬಂದು, ಇದೇ ತಿರುವಲ್ಲಿ ಒಬ್ಬಳ ತರಕಾರಿ ಚೀಲಕ್ಕೆ ಗುದ್ದಿದೆ. ಟೊಮೇಟೊ ಎಲ್ಲ ರಸ್ತೆ ಪಾಲು. ಕಾಲು ಗಂಟೆ ಬೈದ್ಲು ಪುಟ್ಟಿ, ಉಸಿರು ತಗೊಳ್ಳದೆ. ಕೊನೆಗೆ, ಆ ಸೈಕಲ್ ರಿಪೇರಿ ಮಾಡೋಕೂ ಬರಲ್ವಾ ನಿನಗೆ ಅಂದ್ಲು. ಬರ್ತಿರಲಿಲ್ಲ. ಅದಕ್ಕೇ ಕಲಿತೆ. ಅವಳು ದಿನಾ ಹಾಯೋ ದಾರಿಯಲ್ಲೇ ಅಂಗಡಿ ಹಾಕ್ದೆ."

ಬೇಕರಿಯಮ್ಮ ಟ್ರೇಯನ್ನು ಹೊಸ್ತಿಲ ಮೇಲೆ ಇಳಿಸಿದರು.

"ಈ ತಿರುವಲ್ಲಿ ಅವಳ ಹತ್ರ ಮೊದಲು ಬೈಸ್ಕೊಂಡೋನು ನಾನು," ಅಂದ ಮಾವ. "ನಾನು ಗುದ್ದದೇ ಇದ್ದಿದ್ರೆ ಅವಳು ಗದರಕ್ಕ ಹೆಂಗಾಗ್ತಿದ್ಲು? ಬರಿ, ಅದನ್ನೇ ಬರಿ. ಆ ಹೆಸರಲ್ಲಿ ನಂದೂ ಪಾಲಿದೆ."

ಬರೆದೆ. ಅರ್ಜಿಯ ಹೊರಪೊರೆಯ ಕಾಲಮಿನಲ್ಲಿ, 'ಒಂದು ಕಡೆ ರಬ್ಬರ್ ಪಟ್ಟಿ ಇತ್ತು, ತೆಗೆಯಲಾಗಿದೆ' ಎಂದೂ ಬರೆಯಬೇಕಾಯಿತು. ಸಮಿತಿಯವರು ಅದೊಂದರ ಬಗ್ಗೆ ಮೂರು ಸಲ ಪ್ರಶ್ನೆ ಕಳಿಸಿದರು. ಹೆಸರಿನ ಬಗ್ಗೆ ತಕರಾರೇ ಇರಲಿಲ್ಲ.

ಎರಡೂವರೆ ತಿಂಗಳ ಮೇಲೆ ಒಪ್ಪಿಗೆ ಬಂತು. ಗದರಕ್ಕನ ತಿರುವು, ಸಾಧಾರಣ ಕಾಂಡ್ರೈಟ್, ಎಲ್-ಐದು. ಪತ್ರವನ್ನು ಚೀಲಕ್ಕೆ ತುರುಕಿಕೊಂಡು, ಸ್ಕೂಟರ್ ಹತ್ತಿ, ಹೇಳುವ ಅವಸರದಲ್ಲಿ ಇಳಿಜಾರಿನಲ್ಲಿ ಬಿಟ್ಟೇಬಿಟ್ಟೆ. ಕಂಬದ ಮೇಲೆ ಬೋರ್ಡು ಮತ್ತೆ ಬಂದಿತ್ತು, ಹೊಸ ಹೆಸರು ಹೊತ್ತು. ಅದನ್ನು ಓದುತ್ತ ತಿರುವಿಗೆ ಬಂದವಳಿಗೆ ಬ್ರೇಕಿನ ನೆನಪೇ ಇಲ್ಲ.

"ಏಯ್! ಕಣ್ಣು ಎಲ್ಲಿಟ್ಟಿದೀಯ? ಬ್ರೇಕ್ ಯಾಕೆ ಇರೋದು, ಶೋಕಿಗಾ? ಇಳಿ ಕೆಳಗೆ!"

ಬೀದಿ ನಡುಗುವ ಹಾಗೆ ಬಂತು ದನಿ. ಕಬ್ಬಿಣದ ಸ್ಟೂಲಿನ ಮೇಲೆ ಮಾವ ಕೂತಿದ್ದ. ಅವನ ದನಿ ಏರಿದ್ದನ್ನು ನನ್ನ ನಲವತ್ತಾರು ವರ್ಷದಲ್ಲಿ ಅದೇ ಮೊದಲ ಸಲ ಕೇಳಿದ್ದು. ನಾನು ಗಕ್ಕನೆ ಬ್ರೇಕ್ ಹಾಕಿ, ಇಳಿದು, ಸ್ಕೂಟರನ್ನು ತಳ್ಳಿಕೊಂಡು ಅವನ ಹತ್ತಿರ ಹೋದೆ.